ಪರ್ಸಿವಲ್ ಪಾಟ್ ಮಹಾಶಯನೂ ಮುರಿದ ಕಾಲೂ

ಭೀಮಸಮುದ್ರದ ಅಡಕೆಯ ತೋಟದಲ್ಲಿ ಮರದಿಂದ ಜಾರಿ ಬಿದ್ದವನ ಹರಡು ಊದಿಕೊಂಡರೆ, ಎಲುಬು ಮುರಿದಿದೆಯೇ ಎಂಬುದೇ ನೆರೆದವರ ಮೊದಲ ಪ್ರಶ್ನೆ. ಎಲುಬನ್ನು ಎಲುಬಿಗೆ ಬಿಗಿದಿರುವ ಕಟ್ಟುನಾರು, ವೈದ್ಯರು ಅಸ್ಥಿರಜ್ಜುವೆನ್ನುವುದು, ಹರಿದಿದೆಯೇ ಎಂದು ವಿಚಾರಿಸುವವರು ವಿರಳ. ಇನ್ನೂರೈವತ್ತು ವರ್ಷಗಳ ಹಿಂದೆಯೇ ಇದನ್ನು ವಿಚಾರಿಸಿದ ಆಂಗ್ಲ ಶಸ್ತ್ರವೈದ್ಯನೊಬ್ಬನ ವೃತ್ತಾಂತವನ್ನು ವಾಚಕರ ಮುಂದಿಡುತ್ತೇವೆ.

ಪರ್ಸಿವಲ್ ಪಾಟನು 1714ರಲ್ಲಿ ಲಂಡನ್ನಿನಲ್ಲಿ ಜನಿಸಿದನು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು, 1729ರಲ್ಲಿ ಸೇಂಟ್ ಬಾರ್ಥಲೋಮ್ಯು ಆಸ್ಪತ್ರೆಯ ನೌರ್ಸ್ ಎಂಬ ಶಸ್ತ್ರವೈದ್ಯನಲ್ಲಿ ಶಿಷ್ಯನಾಗಿ ಸೇರಿ, 1749ರಲ್ಲಿ ಅದೇ ಆಸ್ಪತ್ರೆಯ ಶಸ್ತ್ರವೈದ್ಯನಾದನು.

1756ರ ಚಳಿಗಾಲದಲ್ಲಿ ಕೆಂಟ್ ರಸ್ತೆಯಲ್ಲಿ ಕುದುರೆಯಿಂದ ಬಿದ್ದು ಈತನ ಕಾಲು ಮುರಿದು ಎಲುಬು ಚರ್ಮವನ್ನು ಸೀಳಿಕೊಂಡು ಹೊರಬಂದಿತು. ಗಾಡಿಯ ಕುಲುಕಾಟದಿಂದ ಆಗುವ ಅನರ್ಥವನ್ನು ಬಲ್ಲ ಪಾಟನು ಯಾರಿಗೂ ತನ್ನನ್ನು ಎತ್ತಗೊಡಲಿಲ್ಲ. ಪಲ್ಲಕ್ಕಿಯ ಬೋಯಿಗಳಿಗೆ ಹೇಳಿಕಳುಹಿಸಿ, ಅವರು ಬರುವವರೆಗೆ ಕೊರೆಯುವ ನೆಲದ ಮೇಲೆಯೇ ಮಲಗಿದ್ದು, ಅಷ್ಟರಲ್ಲಿ ಒಂದು ಬಾಗಿಲನ್ನು ಕೊಂಡು, ಅವರ ಕೋಲುಗಳನ್ನು ಅದಕ್ಕೆ ಮೊಳೆಹೊಡೆಸಿ, ಅದರ ಮೇಲೆ ಮನೆಗೆ ಸಾಗಿದನು. ನೆರೆದ ವೈದ್ಯರು ಕಾಲನ್ನು ಕತ್ತರಿಸಲು ನಿಶ್ಚಯಿಸಿ ಶಸ್ತ್ರಗಳನ್ನು ಅಣಿಗೊಳಿಸಿದ್ದರು. ಕಡೆಯ ಗಳಿಗೆಯಲ್ಲಿ ಬಂದ ಗುರು ನೌರ್ಸನು ಉಳಿಸಬಹುದೆಂದನು, ಕಾಲು ಉಳಿಯಿತು.

ಹಾಸಿಗೆ ಹಿಡಿದ ಪಾಟನು ಗ್ರಂಥರಚನೆಗೆ ತೊಡಗಿದನು. ಎಲುಬು ಮುರಿತಗಳನ್ನು ಕುರಿತ ಆತನ ಗ್ರಂಥವು ಬಂದುದು ಮಾತ್ರ 1768ರ ಸುಮಾರಿಗೆ. ಕಣಕಾಲಿನ ಹೊರಗಣ ಸಣ್ಣ ಎಲುಬು ಹರಡಿನಿಂದ ಎರಡು ಮೂರು ಅಂಗುಲ ಮೇಲೆ ಮುರಿದಾಗ, ಒಳಮಗ್ಗುಲಿನ ಕಟ್ಟುನಾರೂ ಹರಿದು ಪಾದವು ಹೊರಕ್ಕೆ ಸರಿಯುವುದೆಂದು ಅದರಲ್ಲಿ ವಿವರಿಸಿದನು. ಕಾಲನ್ನು ನೀಳವಾಗಿ ಸೆಳೆದು ಕಟ್ಟುವ ಅಂದಿನ ರೂಢಿಯನ್ನು ಬಿಟ್ಟು, ಮೊಣಕಾಲನ್ನು ಮಡಿಸಿ ಮಾಂಸಖಂಡಗಳನ್ನು ಸಡಿಲಿಸಿದರೆ ಎಲುಬು ಸುಲಭವಾಗಿ ಕೂಡುವುದೆಂದನು. ಆ ಮುರಿತಕ್ಕೆ ಪಾಟನ ಹೆಸರೇ ನಿಂತಿತು. ಆತನ ಸ್ವಂತ ಕಾಲಿಗಾದುದೂ ಅದೇ ಎಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

1895ರಲ್ಲಿ ಬಂದ ಕ್ಷ-ಕಿರಣವೂ ಎಲುಬನ್ನು ತೋರಿಸುವುದೇ ಹೊರತು ಹರಿದ ನಾರನ್ನಲ್ಲ. ಎಲುಬುಗಳ ನಡುವಣ ಬಿರುಕು ಅಗಲಿಸಿರುವುದರಿಂದ ಅದನ್ನು ಊಹಿಸಬೇಕು. ಆದುದರಿಂದಲೇ ಇಂದಿನ ಶಸ್ತ್ರವೈದ್ಯರು ಮುರಿದ ಎಲುಬನ್ನು ಕೂಡಿಸಿದ ಮೇಲೂ ಕೀಲನ್ನು ಎಳೆದು ಪರೀಕ್ಷಿಸುತ್ತಾರೆ. ಕಣಕಾಲಿನ ಎರಡೆಲುಬುಗಳು ಅಗಲಿದರೆ ತಿರುಪುಮೊಳೆಯಿಂದಲೋ ಗಟ್ಟಿದಾರದಿಂದಲೋ ಬಿಗಿಯುತ್ತಾರೆ. ಒಳಮಗ್ಗುಲಿನ ನಾರನ್ನು ಹೊಲಿಯಲೇಬೇಕೇ ಎಂಬಲ್ಲಿ ಮಾತ್ರ ಪಂಡಿತರಲ್ಲಿ ಇನ್ನೂ ಒಮ್ಮತವಿಲ್ಲ.

ಹೊಗೆಗೂಡು ಗುಡಿಸುವ ಬಡವರಿಗೆ ಮಸಿಯಿಂದ ಅರ್ಬುದ ತಗಲುವುದೆಂದು 1775ರಲ್ಲಿ ಸಾರಿದವನೂ ಪಾಟನೇ. 1787ರಲ್ಲಿ ಆಸ್ಪತ್ರೆಯಿಂದ ನಿವೃತ್ತನಾದರೂ ರೋಗಿಗಳನ್ನು ಬಿಡಲಿಲ್ಲ. ಮರುವರ್ಷದ ಡಿಸೆಂಬರಿನ ಕಡುಚಳಿಯಲ್ಲಿ ದೂರದ ರೋಗಿಯೊಬ್ಬನನ್ನು ನೋಡಿಬಂದು, ಶೀತಬಾಧೆಯಿಂದ ಮಲಗಿ, ಆ ತಿಂಗಳಲ್ಲಿಯೇ ತೀರಿಕೊಂಡನು.