ಪತ್ತಿಕೊಂಡದಲ್ಲಿ ಕಣ್ಮುಚ್ಚಿದ ಮನ್ರೋ ಸಾಹೇಬ

ಮಂತ್ರಾಲಯಕ್ಕೆ ಹೋಗಿ ಬಂದವರಿಗೆಲ್ಲ ಮನ್ರೋ ಸಾಹೇಬನ ಹೆಸರು ಪರಿಚಿತ. ಮಠದ ಭೂಮಿಯ ಕಂದಾಯದ ವಿಚಾರಣೆಗೆಂದು ಬಂದ ಈ ದೊರೆ ಬೂಟು, ಟೊಪ್ಪಿ ಕಳಚಿ ಬೃಂದಾವನದ ಮುಂದೆ ನಿಂತಾಗ ರಾಘವೇಂದ್ರ ಸ್ವಾಮಿಗಳು ಆತನೊಬ್ಬನಿಗೇ ಕಾಣಿಸಿಕೊಂಡು ಮಾತನಾಡಿದರೆಂಬುದು ಭಕ್ತರ ನಂಬಿಕೆ. ಆದರೆ ಮಂತ್ರಾಲಯವಿರುವ ಆದವಾನಿ ಸೀಮೆಯ ರೈತರಿಗೂ ಆತನಿಗೂ ಇದ್ದ ಸಂಬಂಧ ನಮ್ಮಲ್ಲಿ ಹೆಚ್ಚು ಮಂದಿಗೆ ತಿಳಿದಿಲ್ಲ.

ಥಾಮಸ್ ಮನ್ರೋ 1761ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದ. ತಂದೆ ಅಮೇರಿಕದ ವರ್ಜೀನಿಯಾದೊಡನೆ ಹೊಗೆಸೊಪ್ಪಿನ ವ್ಯಾಪಾರ ಮಾಡುತ್ತಿದ್ದ ಅನುಕೂಲಸ್ಥ. ಹುಡುಗ ಹನ್ನೊಂದು ವರ್ಷದವನಿದ್ದಾಗ, 1772ರಲ್ಲಿ, ಬ್ರಿಟನ್ನಿನಲ್ಲಿ ಬ್ಯಾಂಕುಗಳು ಒಂದರ ಮೇಲೊಂದು ಮುಳುಗಿದವು. ಬಂಗಾಳದ ಭೀಕರ ಕ್ಷಾಮದ ಬೆನ್ನಿಗೇ ಬಂದ ಈ ಆಘಾತದಿಂದ ಈಸ್ಟ್ ಇಂಡಿಯಾ ಕಂಪೆನಿಯೂ ದಿವಾಳಿಯ ಅಂಚಿಗೆ ಬಂದಿತು. ಮರುವರ್ಷವೇ ಸರಕಾರ ಅದಕ್ಕೆ 14 ಲಕ್ಷ ಪೌಂಡು ಸಾಲ ಕೊಟ್ಟು ಕೈಹಿಡಿಯಿತು. ಕಂಪೆನಿಯ ಉಗ್ರಾಣಗಳಲ್ಲಿ ಕೊಳೆಯುತ್ತಿದ್ದ ಚಹವನ್ನು ನೇರವಾಗಿ ಅಮೇರಿಕದಲ್ಲಿ ಮಾರಲು ಅವಕಾಶವನ್ನೂ ಕೊಟ್ಟಿತು. ಅಲ್ಲಿನ ಜನ ಸಿಡಿದೆದ್ದು ಬೋಸ್ಟನ್ ಬಂದರಿನಲ್ಲಿ ಚಹದ ಪೆಟ್ಟಿಗೆಗಳನ್ನು ಕಡಲಿಗೆಸೆದರು. ಕಲಹ ಯುದ್ಧವಾಯಿತು. ಆ ಯುದ್ಧದಲ್ಲಿ ಮನ್ರೋನ ತಂದೆಯ ವ್ಯಾಪಾರ ಮಣ್ಣುಗೂಡಿತು.

ವಿಧಿಯೆಂದರೆ ಹೀಗೆ. ಯಾವ ಕಂಪೆನಿಯನ್ನು ಉಳಿಸಹೋಗಿ ಹೊತ್ತಿದ ಕಿಡಿ ಮನೆಯನ್ನು ಸುಟ್ಟಿತೋ, ಹೊಟ್ಟೆಪಾಡಿಗಾಗಿ ಮಗ ಅದೇ ಕಂಪೆನಿಯ ಸೈನ್ಯವನ್ನು ಸೇರಬೇಕಾಯಿತು. 1780ರ ಜನವರಿಯಲ್ಲಿ ಮದರಾಸಿಗೆ ಬಂದಿಳಿದವನು ತನ್ನ ಸಂಬಳದಲ್ಲಿ ಉಳಿಸಿ ತಂದೆಗೆ ಹಣ ಕಳುಹಿಸುತ್ತಿದ್ದ. ಬಾರಾಮಹಲಿನಲ್ಲಿ ಕಂದಾಯದ ಕೆಲಸ ಕಲಿತು, ಟಿಪ್ಪುವಿನ ಪತನದ ನಂತರ 1799ರಲ್ಲಿ ಕೆನರಾದ ಕಲೆಕ್ಟರನಾದ. ನಮ್ಮ ಕಾಸರಗೋಡು ಸೀಮೆಯೂ ಆಗ ಆತನ ಆಡಳಿತದಲ್ಲಿತ್ತು. ಇಲ್ಲಿನ ರೈತರು ಒಟ್ಟುಗೂಡಿ, ಕಚೇರಿಗೇ ಬರುವುದಿಲ್ಲವೆಂದು ಹಠ ಹಿಡಿದು, ಆತನಿಗೆ ಸಾಕಷ್ಟು ಬಿಸಿ ಮುಟ್ಟಿಸಿದ್ದರು.

1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕಂಪೆನಿಗೆ ಒಪ್ಪಿಸಿದಾಗ ಅವುಗಳೊಂದಿಗೆ ಆದವಾನಿ, ಪತ್ತಿಕೊಂಡಗಳೂ ಬಂದವು. ಮನ್ರೋ ಈ ದತ್ತ ಮಂಡಲದ ಮುಖ್ಯ ಕಲೆಕ್ಟರನಾದ. ಯುದ್ಧ, ಲೂಟಿ, ಎಂಬತ್ತು ಮಂದಿ ಪಾಳೆಯಗಾರರ ಕಿರುಕುಳಗಳಿಂದ ಹಳ್ಳಿಗಳು ಬರಿದಾಗಿದ್ದವು. ಬೀಜಕ್ಕೆ, ಎತ್ತಿಗೆ ತಕಾವಿ ಸಾಲ ಕೊಟ್ಟು ರೈತರನ್ನು ಮತ್ತೆ ನೇಗಿಲಿಗೆ ಕೈಹಾಕುವಂತೆ ಮಾಡಿದ್ದು ಆತನ ಹಿರಿಮೆ. ಆದರೆ ವಸೂಲಿ ಮಾತ್ರ ಬಿಗಿಯಾಗಿಯೇ ಇತ್ತು. 1801ರ ಕೊನೆಯಲ್ಲಿ ತೆರ್ನೇಕಲ್ಲು ಗ್ರಾಮದವರು ಕಂದಾಯಕ್ಕಾಗಿ ಪಟ್ಟು ಹಿಡಿದ ತಹಶೀಲ್ದಾರನನ್ನು ಕಚೇರಿಯಲ್ಲೇ ಕೊಂದು ಕೋಟೆಯ ಬಾಗಿಲು ಹಾಕಿದರು. ಕಂಪೆನಿಯ ಸೈನ್ಯದ ಮೊದಲ ದಾಳಿಯನ್ನು ಹಳ್ಳಿಗರು ಹಿಮ್ಮೆಟ್ಟಿಸಿದರು. ಕಡೆಗೆ ಕೋಟೆ ಬಿತ್ತು. ಅನೇಕರು ಪ್ರಾಣ ತೆತ್ತರು. ಆ ಊರಿನವರ ಪಾಲಿಗೆ ಮನ್ರೋ ಪುಣ್ಯಪುರುಷನಾಗಿರಲಾರ ಎಂಬುದನ್ನೂ ನಾವು ಮರೆಯಬಾರದು.

ಏಳು ವರ್ಷಗಳಲ್ಲಿ ಮಂಡಲದ ಹೊಲಗಳನ್ನೆಲ್ಲ ಅಳೆಸಿ, ಮಧ್ಯವರ್ತಿಗಳಿಲ್ಲದೆ ರೈತನೊಡನೆ ನೇರವಾಗಿ ಲೆಕ್ಕ ಇತ್ಯರ್ಥ ಮಾಡುವ ರೈತವಾರಿ ಪದ್ಧತಿಯನ್ನು ಆತ ನೆಲೆಗೊಳಿಸಿದ. ಕಂದಾಯದ ಉತ್ಪತ್ತಿ ಸುಮಾರು ಒಂದೂವರೆ ಪಟ್ಟಾಯಿತು. ಮೇಲಿನವರ ಒತ್ತಡದಿಂದಾಗಿ ತನಗೆ ಸರಿಕಂಡದ್ದಕ್ಕಿಂತ ಬೇಗನೆ ಕಂದಾಯ ಏರಿಸಬೇಕಾಯಿತೆಂಬುದು ಆತನಿಗೇ ತಿಳಿದಿತ್ತು. ಆದ್ದರಿಂದ 1807ರಲ್ಲಿ ಊರಿಗೆ ಹೊರಡುವ ಮುನ್ನ ಒಂದು ಸ್ಪಷ್ಟ ಸಲಹೆ ಕೊಟ್ಟ. ಎಲ್ಲ ಭೂಮಿಯ ಕಂದಾಯವನ್ನು ಶೇಕಡಾ 25ರಷ್ಟು ಇಳಿಸಬೇಕು, ಬಾವಿ ನೀರಿನ ತೋಟಗಳಿಗೆ ಇನ್ನೂ ಹೆಚ್ಚು ವಿನಾಯಿತಿ ಬೇಕು ಎಂದು.

ಕಂಪೆನಿಗೆ ಹಣದ ಮುಗ್ಗಟ್ಟು. ಸಲಹೆ ಮೂಲೆಗೆ ಬಿದ್ದಿತು. ರೈತವಾರಿಯನ್ನೇ ಕೈಬಿಟ್ಟು ಇಡೀ ಗ್ರಾಮಗಳನ್ನು ಮೊದಲು ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ ಗುತ್ತಿಗೆಗೆ ಕೊಟ್ಟರು. ಅನೇಕ ಗುತ್ತಿಗೆದಾರರು ದಿವಾಳಿಯೆದ್ದರು, ಅವರ ಕೈಕೆಳಗಿನ ರೈತರು ಸೊರಗಿದರು. 1820ರಲ್ಲಿ ಮನ್ರೋನೇ ಮದರಾಸಿನ ಗವರ್ನರನಾಗಿ ಬಂದ ಮೇಲಷ್ಟೇ ಆ ಇಳಿಕೆ ಜಾರಿಗೆ ಬಂದಿತು. ಕಂಪೆನಿ ಮುಳುಗುವಾಗ ಸರಕಾರದ ನೆರವು ಮರುವರ್ಷವೇ ಬಂದಿತ್ತು. ಆದವಾನಿಯ ರೈತನಾದರೋ ಹದಿಮೂರು ವರ್ಷ ಕಾಯಬೇಕಾಯಿತು. ಹಾಗೆಂದು ರೈತ ಬೇಡಿದ್ದು ಭಿಕ್ಷೆಯೇನಲ್ಲ, ತಾನೇ ಬೆಳೆದುದರಲ್ಲಿ ಇನ್ನಷ್ಟು ತನಗೇ ಉಳಿಯಲಿ ಎಂದು ಮಾತ್ರ.

ನಿವೃತ್ತಿಗೆ ಮುನ್ನ ತನ್ನ ಹಳೆಯ ಮಂಡಲವನ್ನೊಮ್ಮೆ ನೋಡಬೇಕೆಂದು ಹೊರಟ ಮನ್ರೋ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ತಗಲಿ ಮಡಿದ. ಗುತ್ತಿಯಲ್ಲಿ ಹೂಳಿದ್ದ ದೇಹವನ್ನು ಬಳಿಕ ಮದರಾಸಿಗೆ ಒಯ್ದರು. ಆ ಸೀಮೆಯ ಜನ ಬಹುಕಾಲ ಗಂಡುಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಡುತ್ತಿದ್ದರು.

1953ರಲ್ಲಿ ಆದವಾನಿ, ಆಲೂರು ತಾಲೂಕುಗಳು ಆಂಧ್ರಕ್ಕೆ ಸೇರಿದವು. ಮೂರು ವರ್ಷಗಳ ಬಳಿಕ ನಮ್ಮ ಕಾಸರಗೋಡು ಕೇರಳಕ್ಕೆ. ಗಡಿಗೆ ಸಿಕ್ಕ ಈ ಎರಡು ಸೀಮೆಗಳ ಹಿರಿಯರು ಒಂದು ಕಾಲಕ್ಕೆ ಒಬ್ಬನೇ ಕಲೆಕ್ಟರನ ಮುಂದೆ ತಮ್ಮ ಕಷ್ಟ ಹೇಳಿಕೊಂಡವರು. ಮಂತ್ರಾಲಯದ ಹಾದಿಯಲ್ಲಿ ಹೋಗುವಾಗ ಪತ್ತಿಕೊಂಡದಲ್ಲೂ ಒಂದಿಷ್ಟು ಹೊತ್ತು ನಿಂತು ಬರಬಹುದು. ಮನ್ರೋನ ನೆನಪಿಗಾಗಿ ಅಲ್ಲಿ ಕಟ್ಟಿಸಿದ್ದು ಗೋರಿಯಲ್ಲ. ಮಳೆ ಕಾಣದ ಆ ಊರಿಗೆ ಬೇಕಾಗಿದ್ದ ಒಂದು ಮೆಟ್ಟಿಲು ಬಾವಿ ಮತ್ತು ಒಂದು ತೋಪು.