ವಾಸ್ಕೋ ಡ ಗಾಮ: ಮಲ್ಪೆಯ ದ್ವೀಪಕ್ಕೆ ಹೆಸರು ಬಿಟ್ಟುಹೋದ ನಾವಿಕ

ಉಡುಪಿ ಜಿಲ್ಲೆಯ ಮಲ್ಪೆ ಬಂದರಿನಿಂದ ದೋಣಿಯೇರಿದರೆ ಕೆಲವೇ ಕಿಲೋಮೀಟರ್ ದೂರದಲ್ಲಿ ಸೇಂಟ್ ಮೇರೀಸ್ ದ್ವೀಪಗಳಿವೆ. ಕಂಬಗಳನ್ನು ಒತ್ತೊತ್ತಾಗಿ ಜೋಡಿಸಿ ನಿಲ್ಲಿಸಿದಂತೆ ಕಾಣುವ ಶಿಲೆಗಳು, ತೆಂಗಿನ ಮರಗಳು, ಚಿಪ್ಪುಗಳು ಹಾಸಿದ ದಂಡೆ ಇಲ್ಲಿನ ಆಕರ್ಷಣೆ. ಮಡಗಾಸ್ಕರ್ ಭೂಭಾಗ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ತಣಿದು ಈ ಕಂಬಗಳು ರೂಪುಗೊಂಡವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ತುಳುನಾಡಿನ ಕಡಲ ನಡುವಿನ ಈ ಬಂಡೆಗಳಿಗೆ ಕ್ರೈಸ್ತ ಮಾತೆಯ ಹೆಸರು ಬಂದ ಕಥೆ ಪೋರ್ಚುಗೀಸ್ ನಾವಿಕ ವಾಸ್ಕೋ ಡ ಗಾಮನ ಬದುಕಿನೊಂದಿಗೆ ಬೆಸೆದುಕೊಂಡಿದೆ.

ಪೋರ್ಚುಗಲ್‌ನ ಕಡಲತೀರದ ಪುಟ್ಟ ಪಟ್ಟಣ ಸಿನೆಸ್‌ನಲ್ಲಿ 15ನೇ ಶತಮಾನದ ಉತ್ತರಾರ್ಧದಲ್ಲಿ ಗಾಮ ಜನಿಸಿದ. ಆಫ್ರಿಕಾ ಖಂಡವನ್ನು ಬಳಸಿಕೊಂಡು ಭಾರತಕ್ಕೆ ಜಲಮಾರ್ಗ ಕಂಡುಹಿಡಿಯುವ ಹೊಣೆಯನ್ನು ದೊರೆ ಮ್ಯಾನುಯೆಲ್ ಅವನಿಗೆ ವಹಿಸಿದ. 1497ರ ಜುಲೈ 8ರಂದು ನಾಲ್ಕು ಹಡಗುಗಳು ಲಿಸ್ಬನ್‌ನಿಂದ ಹೊರಟವು. ಅಣ್ಣ ಪೌಲೋ ಡ ಗಾಮನೂ ಜೊತೆಗಿದ್ದ. ಪೂರ್ವ ಆಫ್ರಿಕಾದ ಮಾಲಿಂದಿಯಲ್ಲಿ ದೊರೆತ ಮಾರ್ಗದರ್ಶಕನ ನೆರವಿನಿಂದ ಅರಬ್ಬಿ ಸಮುದ್ರವನ್ನು ನಾಲ್ಕು ವಾರಗಳೊಳಗೆ ದಾಟಿ, 1498ರ ಮೇ 20ರಂದು ಕಲ್ಲಿಕೋಟೆಯ ಸಮೀಪ ಲಂಗರು ಹಾಕಿದರು.

ಆದರೆ ಕಲ್ಲಿಕೋಟೆಯಲ್ಲಿ ನಿರೀಕ್ಷೆ ಕೈಗೂಡಲಿಲ್ಲ. ಗಾಮ ತಂದಿದ್ದ ಕಾಣಿಕೆಗಳು ಶ್ರೀಮಂತ ದೊರೆ ಸಾಮೂದಿರಿಯ ಆಸ್ಥಾನದಲ್ಲಿ ನಗೆಪಾಟಲಾದವು. ವ್ಯಾಪಾರ ಕುದುರಲಿಲ್ಲ, ಸುಂಕದ ತಕರಾರು ಬೆಳೆಯಿತು. ಕೊನೆಗೆ ಕೆಲವು ಸ್ಥಳೀಯರನ್ನು ಸೆರೆಹಿಡಿದುಕೊಂಡೇ ಅವನು ಆಗಸ್ಟ್ 29ರಂದು ಉತ್ತರಕ್ಕೆ ಹೊರಟ. ಗಾಳಿ ಅನುಕೂಲವಾಗಿರಲಿಲ್ಲ. ಹಡಗುಗಳು ಕರಾವಳಿಯ ಗುಂಟ ನಿಧಾನವಾಗಿ ಸಾಗಿದವು.

ಸೆಪ್ಟೆಂಬರ್ 15, ಶನಿವಾರ. ಹಡಗುಗಳು ಕರೆಯಿಂದ ತುಸು ದೂರದ ಕೆಲವು ಪುಟ್ಟ ದ್ವೀಪಗಳ ಬಳಿ ಬಂದಿದ್ದವು. ಹಡಗಿನಲ್ಲಿದ್ದವನೊಬ್ಬ ಬರೆದಿಟ್ಟ ದಿನಚರಿಯಲ್ಲಿ ಅಂದಿನ ವಿವರ ಉಳಿದಿದೆ. ಮೀನು ಹೊತ್ತ ಅನೇಕ ದೋಣಿಗಳು ಹಡಗುಗಳನ್ನು ಸಮೀಪಿಸಿದವು. ಗಾಮ ಬೆಸ್ತರಿಗೆ ಅಂಗಿಗಳನ್ನು ಉಡುಗೊರೆಯಾಗಿ ಕೊಟ್ಟ. ದ್ವೀಪದಲ್ಲಿ ಸ್ತಂಭವೊಂದನ್ನು ನೆಟ್ಟರೆ ಸಮ್ಮತವೇ ಎಂದು ವಿಚಾರಿಸಿದ. ಅವರು ಸಂತೋಷದಿಂದ ಒಪ್ಪಿದರು. ಹಡಗಿನಿಂದ ದೋಣಿ ಇಳಿಸಿ ಕಲ್ಲಿನ ಸ್ತಂಭವನ್ನು ದ್ವೀಪಕ್ಕೆ ಒಯ್ದು ನಿಲ್ಲಿಸಲಾಯಿತು.

ಪೋರ್ಚುಗೀಸರು ಪದ್ರಾಂವ್ ಎಂದು ಕರೆಯುತ್ತಿದ್ದ ಇಂತಹ ಸ್ತಂಭಗಳು ಕೇವಲ ನೆನಪಿನ ಗುರುತುಗಳಾಗಿರಲಿಲ್ಲ. ತಮ್ಮ ದೊರೆಯ ಹಕ್ಕನ್ನೂ ಧರ್ಮವನ್ನೂ ಸಾರಲು ಅವುಗಳನ್ನು ನೆಡಲಾಗುತ್ತಿತ್ತು. ದೊರೆಯ ಆಜ್ಞೆಯಂತೆ ತಂದಿದ್ದ ಮೂರರಲ್ಲಿ ಸಂತ ರಫಾಯೆಲ್ ಹೆಸರಿನದು ಆಫ್ರಿಕಾದಲ್ಲಿ, ಸಂತ ಗೇಬ್ರಿಯಲ್ ಹೆಸರಿನದು ಕಲ್ಲಿಕೋಟೆಯಲ್ಲಿ ಬಳಕೆಯಾಗಿದ್ದವು. ಉಳಿದದ್ದು ಸಾಂತಾ ಮಾರಿಯಾ ಹೆಸರಿನದು. ದ್ವೀಪಕ್ಕೆ ಅದೇ ಹೆಸರು ನಿಂತಿತು.

ಈ ಸೌಹಾರ್ದದ ಹಿಂದೆ ಒಂದು ದೊಡ್ಡ ತಪ್ಪುಗ್ರಹಿಕೆ ಇತ್ತು. ಕಲ್ಲಿಕೋಟೆಯಲ್ಲಿ ಹಿಂದೂ ದೇವಾಲಯವನ್ನೇ ಇಗರ್ಜಿಯೆಂದು ಬಗೆದಿದ್ದ ಪೋರ್ಚುಗೀಸರು ಇಲ್ಲಿನ ಬೆಸ್ತರನ್ನೂ ಕ್ರೈಸ್ತರೆಂದೇ ಭಾವಿಸಿದರು. ಬೆಸ್ತರಾದರೋ ಕಡಲ ಮೇಲೆ ಬಂದ ಅಪರಿಚಿತರಿಗೆ ಮೀನು ಕೊಟ್ಟು ಆದರಿಸಿದ್ದರು, ಅಷ್ಟೆ. ಆ ಕಲ್ಲು ಏನನ್ನು ಸಾರುತ್ತಿತ್ತು ಎಂಬುದನ್ನು ಅವರಿಗೆ ಯಾರೂ ತಿಳಿಸಿರುವ ಸಂಭವವಿಲ್ಲ.

ಐದು ದಿನಗಳ ಬಳಿಕ ಹಡಗುಗಳು ಕಾರವಾರದ ಸಮೀಪದ ಅಂಜದೀವ ದ್ವೀಪವನ್ನು ತಲುಪಿದವು. ಅಲ್ಲಿ ಹಡಗುಗಳ ದುರಸ್ತಿ ನಡೆಯಿತು. ಅಕ್ಟೋಬರ್ 5ರಂದು ಗಾಮ ಆಫ್ರಿಕಾದತ್ತ ಹೊರಟ. ಈಶಾನ್ಯದ ಗಾಳಿ ಇನ್ನೂ ನೆಲೆಗೊಳ್ಳದಿದ್ದ ಕಾಲವದು. ಬರುವಾಗ ನಾಲ್ಕು ವಾರ ಹಿಡಿಯದ ದಾರಿಗೆ ಮರಳುವಾಗ ಸುಮಾರು ಮೂರು ತಿಂಗಳು ಬೇಕಾಯಿತು. ತಾಜಾ ಆಹಾರವಿಲ್ಲದೆ ಸ್ಕರ್ವಿ ರೋಗ ತಗುಲಿ ಸುಮಾರು 30 ಮಂದಿ ಅಸುನೀಗಿದರು. ನಡೆಸಲು ಜನರಿಲ್ಲದೆ ಸಾಂವ್ ರಫಾಯೆಲ್ ಹಡಗನ್ನು ಸುಡಬೇಕಾಯಿತು. ಊರು ಸೇರುವ ಮುನ್ನವೇ ಅಜೋರ್ಸ್ ದ್ವೀಪದಲ್ಲಿ ಅಣ್ಣ ಪೌಲೋ ತೀರಿಕೊಂಡ. 1499ರಲ್ಲಿ ಲಿಸ್ಬನ್ ಗಾಮನನ್ನು ವೀರನಂತೆ ಸ್ವಾಗತಿಸಿತು.

1502ರಲ್ಲಿ ಅವನು ಮತ್ತೆ ಬಂದಾಗ ಉಡುಗೊರೆಯ ಅಂಗಿಗಳ ಬದಲು ಫಿರಂಗಿಗಳು ಮಾತನಾಡಿದವು. ಹೊನ್ನಾವರದ ಹಡಗುಗಳು ಬೆಂಕಿಗೆ ಆಹುತಿಯಾದವು. ಭಟ್ಕಳ ಅಕ್ಕಿಯ ಕಪ್ಪ ಒಪ್ಪಿಸಬೇಕಾಯಿತು. ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗನ್ನು ಹೆಂಗಸರು, ಮಕ್ಕಳ ಸಮೇತ ಸುಟ್ಟ ಕೃತ್ಯ ಅವನ ಹೆಸರಿಗೆ ಅಳಿಸಲಾಗದ ಕಳಂಕವಾಯಿತು. ಕಲ್ಲಿಕೋಟೆಯ ಮೇಲೂ ಗುಂಡಿನ ಸುರಿಮಳೆಯಾಯಿತು.

ಅವನು ತೆರೆದ ಜಲಮಾರ್ಗದ ಪರಿಣಾಮ ಕರಾವಳಿಗಷ್ಟೇ ಸೀಮಿತವಾಗಲಿಲ್ಲ. 1510ರಲ್ಲಿ ಗೋವಾ ಪೋರ್ಚುಗೀಸರ ವಶವಾಯಿತು. ಘಟ್ಟದ ಮೇಲಿನ ರಾಜ್ಯಗಳಿಗೆ ಬೇಕಾದ ಅರಬ್ಬಿ ಕುದುರೆಗಳ ವ್ಯಾಪಾರ ಅವರ ಹಿಡಿತಕ್ಕೆ ಸರಿಯಿತು. ಇಂದಿನ ಮಸ್ಕಿ, ಪಾಮನಕಲ್ಲೂರು, ಲಿಂಗಸುಗೂರು, ಸಿಂಧನೂರುಗಳಿರುವ ಕೃಷ್ಣಾ-ತುಂಗಭದ್ರಾ ದೋಆಬ್ ಪ್ರದೇಶಕ್ಕಾಗಿ ವಿಜಯನಗರ ಮತ್ತು ಬಿಜಾಪುರ ಕಾದಾಡುತ್ತಿದ್ದ ಕಾಲವದು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಯನ್ನು ಮುತ್ತಿದಾಗ ಕ್ರಿಸ್ಟೋವಾಂವ್ ಡಿ ಫಿಗರೇದೊ ಎಂಬ ಪೋರ್ಚುಗೀಸನ ಕೋವಿಗಾರರು ರಾಯನ ಪರವಾಗಿ ಗುಂಡು ಹಾರಿಸಿದರು. ಕಡಲಿನಿಂದ ನೂರಾರು ಮೈಲಿ ದೂರದ ಎರೆನೆಲಕ್ಕೂ ಆ ಅಲೆ ಮುಟ್ಟಿತ್ತು.

1524ರಲ್ಲಿ ಗಾಮ ವೈಸರಾಯ್ ಆಗಿ ಮೂರನೆಯ ಬಾರಿಗೆ ಭಾರತಕ್ಕೆ ಬಂದ. ಭ್ರಷ್ಟಗೊಂಡಿದ್ದ ಆಡಳಿತವನ್ನು ಸರಿಪಡಿಸುವ ಕಾರ್ಯ ಕೈಗೆತ್ತಿಕೊಂಡನಾದರೂ ಕೆಲವೇ ತಿಂಗಳಲ್ಲಿ ಕಾಯಿಲೆ ಬಿದ್ದು, ಡಿಸೆಂಬರ್ 24ರಂದು ಕೊಚ್ಚಿಯಲ್ಲಿ ಕೊನೆಯುಸಿರೆಳೆದ. ಅಲ್ಲಿನ ಇಗರ್ಜಿಯಲ್ಲಿ ಹೂಳಲಾಗಿದ್ದ ಅವನ ಅವಶೇಷಗಳನ್ನು ಮುಂದೆ ಪೋರ್ಚುಗಲ್‌ಗೆ ಒಯ್ಯಲಾಯಿತು.

ಮಲ್ಪೆಯ ದ್ವೀಪಕ್ಕೆ ಹೋಗುವವರಿಗೆ ಇಂದು ಆ ಸ್ತಂಭ ಕಾಣಸಿಗುವುದಿಲ್ಲ. ಪ್ರಕೃತಿ ನಿಲ್ಲಿಸಿದ ಕಲ್ಲುಕಂಬಗಳು ಮಾತ್ರ ಹಾಗೆಯೇ ಇವೆ. ಮೀನುಗಾರಿಕೆ ಇಂದಿಗೂ ಮಲ್ಪೆಯ ಜೀವಾಳ. ಅಂದು ದಿನಚರಿ ಬರೆದವನು ಕಂಬದ ಹೆಸರನ್ನು ದಾಖಲಿಸಿದ. ಮೀನು ತಂದುಕೊಟ್ಟ ಬೆಸ್ತರಲ್ಲಿ ಒಬ್ಬನ ಹೆಸರನ್ನೂ ಬರೆದಿಡಲಿಲ್ಲ.