ಗ್ರೇಸ್ ಹಾಪರ್

ಮಕ್ಕಳೇ, ಬೇರೆ ಬೇರೆ ಕಂಪನಿಗಳ ಮೊಬೈಲುಗಳಲ್ಲಿ ಒಂದೇ ಆಟವನ್ನು ಆಡಬಹುದು ಅಲ್ಲವೇ? ಹಿಂದೆ ಹೀಗಿರಲಿಲ್ಲ. ಒಂದು ಕಂಪ್ಯೂಟರಿಗಾಗಿ ಬರೆದ ಪ್ರೋಗ್ರಾಂ ಇನ್ನೊಂದು ಬಗೆಯ ಕಂಪ್ಯೂಟರಿನಲ್ಲಿ ನಡೆಯುತ್ತಿರಲಿಲ್ಲ. ಎಲ್ಲವನ್ನೂ ಹೊಸದಾಗಿ ಬರೆಯಬೇಕಿತ್ತು. ಈ ತೊಡಕನ್ನು ಬಿಡಿಸಲು ದುಡಿದವರಲ್ಲಿ ಗ್ರೇಸ್ ಹಾಪರ್ ಪ್ರಮುಖರು.

ಇವರು 1906ರ ಡಿಸೆಂಬರ್ 9ರಂದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಏಳು ವರ್ಷದ ಬಾಲಕಿಯಾಗಿದ್ದಾಗ, ಅಲಾರಂ ಹೇಗೆ ಬಾರಿಸುತ್ತದೆಂದು ತಿಳಿಯಲು ಮನೆಯ ಏಳು ಗಡಿಯಾರಗಳನ್ನು ಬಿಚ್ಚಿಹಾಕಿದರಂತೆ! 1934ರಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ಎರಡನೇ ಮಹಾಯುದ್ಧದ ಕಾಲದಲ್ಲಿ ನೌಕಾಪಡೆ ಸೇರಿ, ಹಾರ್ವರ್ಡ್ ವಿಶ್ವವಿದ್ಯಾಲಯದ ದೈತ್ಯ ಗಣಕಯಂತ್ರದಲ್ಲಿ ಕೆಲಸ ಮಾಡಿದರು.

1947ರಲ್ಲಿ ಅಲ್ಲಿನ ಮಾರ್ಕ್-2 ಯಂತ್ರ ಕೆಟ್ಟಿತು. ಹುಡುಕಿದಾಗ ಅದರೊಳಗೆ ಒಂದು ಪತಂಗ ಸಿಕ್ಕಿಕೊಂಡಿತ್ತು! ಸಿಬ್ಬಂದಿ ಅದನ್ನು ದಾಖಲೆ ಪುಸ್ತಕದಲ್ಲಿ ಅಂಟಿಸಿದರು. ಯಂತ್ರದ ದೋಷವನ್ನು 'ಬಗ್', ಅಂದರೆ ಹುಳು, ಎನ್ನುವ ರೂಢಿ ಮೊದಲೇ ಇತ್ತು. ಹಾಪರ್ ಈ ಕಥೆಯನ್ನು ಎಲ್ಲೆಡೆ ಹೇಳಿ ಆ ಪದವನ್ನು ಜನಪ್ರಿಯಗೊಳಿಸಿದರು. ದೋಷ ಹುಡುಕಿ ಸರಿಪಡಿಸುವುದೇ 'ಡಿಬಗ್ಗಿಂಗ್'.

ಅಂಕಿಗಳ ಸಂಕೇತದಲ್ಲಿ ಬರೆಯುವಾಗ ತಪ್ಪುಗಳು ಸಹಜ. ಆದ್ದರಿಂದ 1952ರಲ್ಲಿ ಹಾಪರ್, ಸಂಕೇತಗಳನ್ನು ತಾನೇ ಜೋಡಿಸಿಕೊಡುವ 'ಕಂಪೈಲರ್' ರಚಿಸಿದರು. ಇದು ಸಾಧ್ಯವೆಂದು ಹಲವರು ನಂಬಲೇ ಇಲ್ಲ. ಮುಂದೆ ಅವರು ಇಂಗ್ಲಿಷ್ ಪದಗಳಿಂದ ಆದೇಶ ಕೊಡುವ ಭಾಷೆಯನ್ನು ರೂಪಿಸಿದರು. ಅದರ ಆಧಾರದ ಮೇಲೆ ತಜ್ಞರ ತಂಡವೊಂದು 'ಕೋಬಾಲ್' ಭಾಷೆಯನ್ನು ಸಿದ್ಧಪಡಿಸಿತು. 1960ರ ಡಿಸೆಂಬರಿನಲ್ಲಿ ಎರಡು ಕಂಪನಿಗಳ ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಒಂದೇ ಕೋಬಾಲ್ ಪ್ರೋಗ್ರಾಂ, ಸಣ್ಣ ಬದಲಾವಣೆಗಳೊಂದಿಗೆ, ನಡೆಯಿತು.

79ನೇ ವಯಸ್ಸಿನವರೆಗೂ ನೌಕಾಪಡೆಯಲ್ಲಿ ದುಡಿದ ಹಾಪರ್ 1992ರ ಜನವರಿ 1ರಂದು ನಿಧನರಾದರು. ಗಡಿಯಾರ ಬಿಚ್ಚಿದ ಬಾಲಕಿಯ ಕುತೂಹಲ ಅವರಲ್ಲಿ ಕೊನೆಯವರೆಗೂ ಇತ್ತು. ನಿಮ್ಮ ಲೆಕ್ಕ ತಪ್ಪಾದರೆ ಬೇಸರಿಸಬೇಡಿ. ಅದರಲ್ಲಿ 'ಹುಳು' ಎಲ್ಲಿದೆ, ಹುಡುಕಿ ನೋಡಿ!